ಅರವತ್ತೈದು ತುಂಬುವವರೆಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಜನರಿಗೆ 65 ತುಂಬುತ್ತಿದ್ದ ಹಾಗೆ ಕ್ಯಾನ್ಸರ್ ಪತ್ತೆಯಾಗುವುದು ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ. ಶ್ವಾಸಕೋಶ, ಸ್ತನ, ದೊಡ್ಡ ಕರುಳು, ಪ್ರಾಸ್ಟೇಟ್, ನಾಲ್ಕರಲ್ಲೂ ಹಾಗೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2021ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು.

ಕ್ಯಾನ್ಸರ್‌ಗೆ ನಮ್ಮ ಹುಟ್ಟುಹಬ್ಬ ಗೊತ್ತಿರುತ್ತದೆಯೇ? ಇಲ್ಲ. ಗೊತ್ತಿರುವುದು ಸರ್ಕಾರಕ್ಕೆ. ಆ ದೇಶದಲ್ಲಿ 65 ತುಂಬಿದರೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆ. ಅಲ್ಲಿಯವರೆಗೆ ವಿಮೆ ಇಲ್ಲದವರು, ವಿಮೆ ಇದ್ದರೂ ಕೈಯಿಂದ ಕಟ್ಟಬೇಕಾದ ಪಾಲಿಗೆ ಹೆದರಿದವರು, ಇನ್ನೊಂದು ವರ್ಷ ತಾನೇ ಎಂದು ಕೆಮ್ಮು ನುಂಗಿಕೊಂಡು ದಿನ ದೂಡುತ್ತಾರೆ. ಕಾರ್ಡು ಕೈಗೆ ಬಂದ ಮೇಲೆ ಡಾಕ್ಟರ ಹತ್ತಿರ ಹೋಗುತ್ತಾರೆ. ಅಷ್ಟರಲ್ಲಿ ಗಡ್ಡೆ ತನ್ನ ಪಾಡಿಗೆ ತಾನು ಬೆಳೆದಿರುತ್ತದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಕಾಯುವ ಕೆಲಸದ ಬಗ್ಗೆ. ಅದು ಯಾರ ಪಾಲಿಗೆ ಜಾಸ್ತಿ ಬರುತ್ತದೆ ಎನ್ನುವುದರ ಬಗ್ಗೆ.

ಸ್ತನ ಕ್ಯಾನ್ಸರನ್ನೇ ನೋಡಿ. ಅಮೆರಿಕದಲ್ಲಿ ಕಪ್ಪು ಮಹಿಳೆಯರಿಗೆ ಈ ಕಾಯಿಲೆ ಬರುವುದು ಬಿಳಿಯ ಮಹಿಳೆಯರಿಗಿಂತ ಸ್ವಲ್ಪ ಕಡಿಮೆಯೇ. ಸಾಯುವುದು ಮಾತ್ರ ಶೇಕಡಾ 40ರಷ್ಟು ಜಾಸ್ತಿ. ಕೇಳಿದ ಕೂಡಲೇ ಅದು ಅವರ ರಕ್ತದಲ್ಲೇ ಇರಬೇಕು, ವಂಶದಿಂದ ಬಂದದ್ದಿರಬೇಕು ಎನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಹಳೆಯ ಅಂಕಿ ಬೇರೆಯೇ ಹೇಳುತ್ತದೆ. 1980ರ ಸುಮಾರಿಗೆ ಇಬ್ಬರಲ್ಲೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಆಮೇಲೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆ ಎಲ್ಲ ಕಡೆ ಬಂತು. ಟಾಮಾಕ್ಸಿಫೆನ್‌ನಂಥ ಒಳ್ಳೆಯ ಹಾರ್ಮೋನ್ ಮಾತ್ರೆಗಳ ಬಳಕೆ ಹೆಚ್ಚಾಯಿತು. ಬಿಳಿಯ ಮಹಿಳೆಯರ ಸಾವು ಇಳಿಯತೊಡಗಿತು, ಕಪ್ಪು ಮಹಿಳೆಯರದ್ದು ತಡವಾಗಿ ಇಳಿಯಿತು. ಹತ್ತಿಪ್ಪತ್ತು ವರ್ಷದಲ್ಲಿ ಯಾರ ರಕ್ತವೂ ಬದಲಾಗುವುದಿಲ್ಲ, ಅಲ್ವಾ? ಔಷಧಿ ಮೊದಲು ಯಾರ ಮನೆ ತಲುಪಿತು, ಆಮೇಲೆ ಯಾರ ಮನೆ ತಲುಪಿತು ಎನ್ನುವ ಲೆಕ್ಕ ಇದು.

ದೇಹದ ಪಾತ್ರವೇ ಇಲ್ಲ ಎನ್ನಲಾರೆ. ಟ್ರಿಪಲ್ ನೆಗೆಟಿವ್ ಎಂಬ ಒರಟು ಬಗೆಯ ಸ್ತನ ಕ್ಯಾನ್ಸರ್ ಇದೆ, ಹಾರ್ಮೋನ್ ಮಾತ್ರೆಗೆ ಜಗ್ಗದ್ದು. ಕಪ್ಪು ಮಹಿಳೆಯರಲ್ಲಿ ಅದು ಸುಮಾರು ಎರಡು ಪಟ್ಟು ಹೆಚ್ಚು. ಆದರೆ ಮಾತ್ರೆಗೆ ಬಗ್ಗುವ ಬಗೆಯಲ್ಲೂ ಅವರೇ ಜಾಸ್ತಿ ಸಾಯುತ್ತಾರೆ. ಅದಕ್ಕೇನು ಹೇಳೋಣ?

ಈಗ ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಹೋಗೋಣ. 1967ರಲ್ಲಿ ಹಾರಲ್ಡ್ ಫ್ರೀಮನ್ ಎಂಬ ಸರ್ಜನ್ ಹಾರ್ಲೆಮ್ ಆಸ್ಪತ್ರೆಗೆ ಬಂದರು. ಅವರೂ ಕಪ್ಪು ವರ್ಣೀಯರು. ಕಲಿತದ್ದು ಕ್ಯಾನ್ಸರ್ ಕತ್ತರಿಸಿ ತೆಗೆಯುವ ವಿದ್ಯೆ. ಬಂದು ನೋಡಿದರೆ ಕತ್ತರಿಸುವ ಹಂತ ದಾಟಿದವರೇ ಸಾಲುಗಟ್ಟಿ ನಿಂತಿದ್ದರು. ಗಡ್ಡೆ ಚರ್ಮ ಒಡೆದು ಹುಣ್ಣಾದ ಮೇಲೆ ಬರುವವರು. 1986ರವರೆಗಿನ 22 ವರ್ಷಗಳಲ್ಲಿ ಆ ಆಸ್ಪತ್ರೆಗೆ ಬಂದ 606 ಸ್ತನ ಕ್ಯಾನ್ಸರ್ ರೋಗಿಗಳ ಲೆಕ್ಕ ಇದೆ. ಅರ್ಧದಷ್ಟು ಜನ ಬಂದದ್ದೇ ಮೂರನೇ, ನಾಲ್ಕನೇ ಹಂತದಲ್ಲಿ. ಐದು ವರ್ಷ ಬದುಕಿದವರು ನೂರಕ್ಕೆ 39.

ಫ್ರೀಮನ್ 1979ರಲ್ಲಿ ಪುಕ್ಕಟೆ ತಪಾಸಣೆ ಶುರು ಮಾಡಿಸಿದರು. ಆದರೆ ಗಂಟು ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಬ್ಬ ಹೆಂಗಸನ್ನು ಕಣ್ಮುಂದೆ ತಂದುಕೊಳ್ಳಿ. ಮನೆಗೆಲಸಕ್ಕೆ ಹೋಗುವವಳು, ದಿನಗೂಲಿ. ಸ್ನಾನ ಮಾಡುವಾಗ ಬೆರಳಿಗೆ ಗಂಟು ಸಿಕ್ಕಿತು. ತಪಾಸಣೆಗೆ ಒಂದು ದಿನದ ಕೂಲಿ ಹೋಯಿತು. ವರದಿ ಬರಲು ಎರಡು ವಾರ. ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ ಮಾಡಿಸಿ ಎಂದರು, ಅದಕ್ಕೆ ವಿಮೆ ಬೇಕು. ವಿಮೆಯ ಕಚೇರಿಯಲ್ಲಿ ಸಾಲು, ಅರ್ಜಿ, ಒಂದು ಕಾಗದ ಕಡಿಮೆ ಇದೆ ನಾಳೆ ಬನ್ನಿ ಎಂಬ ಮಾತು. ನಾಳೆ ಬಂದರೆ ಮತ್ತೊಂದು ದಿನದ ಕೂಲಿ ಖೋತಾ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಗಂಟು ನೋಯುತ್ತಲೂ ಇಲ್ಲ. ಆಕೆ ಮತ್ತೆ ಬರುವುದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ 'ರೋಗಿ ಮರಳಿ ಬರಲಿಲ್ಲ' ಎಂಬ ಒಂದು ಸಾಲು ಉಳಿಯುತ್ತದೆ. ತಪ್ಪು ಆಕೆಯದ್ದೇ ಎನ್ನುವ ಹಾಗೆ.

1990ರಲ್ಲಿ ಫ್ರೀಮನ್ ಇದಕ್ಕೆ ಹೂಡಿದ ಉಪಾಯ ಕೇಳಿದರೆ ಇಷ್ಟೇನಾ ಎನ್ನಿಸಬಹುದು. ಹೊಸ ಔಷಧಿ ಅಲ್ಲ, ಯಂತ್ರವೂ ಅಲ್ಲ. ಒಬ್ಬ ಮನುಷ್ಯ. ಪೇಷಂಟ್ ನ್ಯಾವಿಗೇಟರ್ ಎಂದು ಹೆಸರು, ಅಂದರೆ ರೋಗಿಗೆ ದಾರಿ ತೋರಿಸುವವರು. ತಪಾಸಣೆಯಲ್ಲಿ ಏನೋ ಸಿಕ್ಕಿತು ಎನ್ನುವ ಕ್ಷಣದಿಂದ ರೋಗಿಯ ಜೊತೆ ನಿಲ್ಲುತ್ತಾರೆ. ಅರ್ಜಿ ತುಂಬಿಸುತ್ತಾರೆ, ಫೋನ್ ಮಾಡಿ ನೆನಪಿಸುತ್ತಾರೆ, ಬರುವುದಕ್ಕೆ ಏನು ಅಡ್ಡಿ ಎಂದು ಕೇಳಿ ಅದಕ್ಕೊಂದು ದಾರಿ ಹುಡುಕುತ್ತಾರೆ. 1995ರಿಂದ 2000ದವರೆಗೆ ಅದೇ ಆಸ್ಪತ್ರೆಗೆ ಬಂದವರ ಲೆಕ್ಕ ತೆಗೆದಾಗ ಐದು ವರ್ಷ ಬದುಕಿದವರು ನೂರಕ್ಕೆ 70. ಅದೇ ಹಾರ್ಲೆಮ್, ಅದೇ ಬೀದಿಗಳ ಹೆಂಗಸರು. ಆ 39ಕ್ಕೂ ಈ 70ಕ್ಕೂ ನಡುವೆ ಚಿಕಿತ್ಸೆಯೂ ಸುಧಾರಿಸಿತ್ತು, ಅದು ನಿಜ. ಆದರೆ ಚಿಕಿತ್ಸೆ ಎಷ್ಟೇ ಸುಧಾರಿಸಲಿ, ಬಾರದವರಿಗೆ ಏನು ಉಪಯೋಗ?

ಬಡತನಕ್ಕೆ ಬಣ್ಣವಿಲ್ಲ ಎನ್ನುವುದಕ್ಕೆ ಕೆಂಟಕಿ ರಾಜ್ಯದ ಪೂರ್ವದ ಗುಡ್ಡಗಾಡು ಇದೆ. ಕಲ್ಲಿದ್ದಲಿನ ಊರುಗಳು, ಬಹುಪಾಲು ಬಿಳಿಯರು, ಕಡುಬಡವರು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಆ ರಾಜ್ಯ ಬಹಳ ವರ್ಷಗಳಿಂದ ದೇಶದಲ್ಲೇ ಮುಂದು.

ಶ್ವಾಸಕೋಶ ಎಂದಾಗ ಒಂದು ನಿಯಮದ ಕಥೆ ಹೇಳಲೇಬೇಕು. ಸಿಗರೇಟ್ ಸೇದುವವರಿಗೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿದರೆ ಗಡ್ಡೆ ಬೇಗ ಸಿಗುತ್ತದೆ. ಯಾರಿಗೆ ಮಾಡಬೇಕು ಎಂದು 2013ರಲ್ಲಿ ಒಂದು ಗೆರೆ ಎಳೆದರು. ವಯಸ್ಸು 55 ತುಂಬಿರಬೇಕು, ದಿನಕ್ಕೊಂದು ಪ್ಯಾಕಿನಂತೆ 30 ವರ್ಷ ಸೇದಿರಬೇಕು. ನೋಡಲು ಎಲ್ಲರಿಗೂ ಒಂದೇ ನಿಯಮ. ಆದರೆ ಕಪ್ಪು ವರ್ಣೀಯರು ದಿನಕ್ಕೆ ಸೇದುವ ಸಿಗರೇಟ್ ಕಡಿಮೆ, ಕ್ಯಾನ್ಸರ್ ಬರುವುದು ಮಾತ್ರ ಬೇಗ. 2019ರ ಒಂದು ಅಧ್ಯಯನದಲ್ಲಿ, ಸೇದುತ್ತಿದ್ದು ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನು ಹಿಂದಿರುಗಿ ನೋಡಿದರು. ಬಿಳಿಯರಲ್ಲಿ ನೂರಕ್ಕೆ 56 ಜನ ಸ್ಕ್ಯಾನ್‌ಗೆ ಅರ್ಹರಾಗಿದ್ದರು. ಕಪ್ಪು ವರ್ಣೀಯರಲ್ಲಿ 32. ಗೆರೆ ಎಲ್ಲಿಂದ ಬಂತು ಗೊತ್ತಾ? ಅದಕ್ಕೆ ಆಧಾರವಾದ ದೊಡ್ಡ ಪ್ರಯೋಗದಲ್ಲಿ ಕಪ್ಪು ವರ್ಣೀಯರು ಇದ್ದದ್ದೇ ನೂರಕ್ಕೆ ನಾಲ್ಕೈದು ಜನ. 2021ರಲ್ಲಿ ಗೆರೆಯನ್ನು ಕೆಳಗಿಳಿಸಿದರು. ವಯಸ್ಸು 50, ಸೇದಿದ್ದು 20 ವರ್ಷ.

ಅವರು ಯಾಕೆ ಸೇದುತ್ತಾರೆ, ಬಿಟ್ಟರಾಯಿತಲ್ಲ ಎನ್ನುವವರೂ ಇದ್ದಾರೆ. ಅಲ್ಲಿ ಸೇದುವ ಕಪ್ಪು ವರ್ಣೀಯರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನ ಮೆಂಥಾಲ್ ಸಿಗರೇಟಿನವರು. ಮೆಂಥಾಲ್ ಗಂಟಲಿಗೆ ತಣ್ಣಗೆ, ಹೊಗೆ ಸಲೀಸಾಗಿ ಒಳಗೆ ಇಳಿಯುತ್ತದೆ, ಚಟ ಬಿಡುವುದು ಕಷ್ಟ. ಇದು ಸುಮ್ನೆ ಬಂದ ಅಭ್ಯಾಸವಲ್ಲ. ದಶಕಗಳ ಕಾಲ ಕಂಪನಿಗಳು ಅವರ ಬೀದಿಗಳಿಗೇ ವ್ಯಾನು ತಂದು ಪುಕ್ಕಟೆ ಹಂಚಿ ಹೋಗಿದ್ದವು.

ಡೆಲವೇರ್ ಪುಟ್ಟ ರಾಜ್ಯ. ಅಲ್ಲಿ 2002ರ ನಂತರ ಒಂದು ಕೆಲಸ ಮಾಡಿದರು. ವಿಮೆ ಇಲ್ಲದವರಿಗೆ ಕರುಳಿನ ತಪಾಸಣೆ ಪುಕ್ಕಟೆ. ಕ್ಯಾನ್ಸರ್ ಸಿಕ್ಕರೆ ಎರಡು ವರ್ಷದ ಚಿಕಿತ್ಸೆಯ ಖರ್ಚು ರಾಜ್ಯದ್ದು. ಆಸ್ಪತ್ರೆಗಳಲ್ಲಿ ದಾರಿ ತೋರಿಸಲು ನರ್ಸುಗಳು. ಶುರುವಿನಲ್ಲಿ ಕಪ್ಪು ವರ್ಣೀಯರಲ್ಲಿ ತಪಾಸಣೆ ಆದವರು ನೂರಕ್ಕೆ 48. 2009ಕ್ಕೆ ಅದು 74. ಬಿಳಿಯರದ್ದೂ 74. ಸಾವಿನ ಅಂತರವೂ ಹೆಚ್ಚುಕಡಿಮೆ ಅಳಿಸಿ ಹೋಯಿತು. ಏಳೆಂಟು ವರ್ಷದಲ್ಲಿ!

ಫ್ರೀಮನ್ ಅವರ ಉಪಾಯಕ್ಕೆ ಬರೋಣ. ದಾರಿ ತೋರಿಸುವವರ ಸಂಬಳ ಇಷ್ಟು ವರ್ಷ ದಾನದ ಹಣದಲ್ಲೋ, ಅನುದಾನದಲ್ಲೋ ನಡೆಯುತ್ತಿತ್ತು. ಅನುದಾನ ಮುಗಿದರೆ ಕುರ್ಚಿ ಖಾಲಿ. 2024ರ ಜನವರಿಯಿಂದ ಮೆಡಿಕೇರ್ ಈ ಕೆಲಸಕ್ಕೆ ನೇರವಾಗಿ ಹಣ ಕೊಡಲು ಶುರು ಮಾಡಿತು. ಹಾರ್ಲೆಮ್‌ನಲ್ಲಿ ಮೊದಲಾಗಿ 34 ವರ್ಷಕ್ಕೆ.

ಮೆಡಿಕೇರ್, ಅಂದರೆ ಬಹುಪಾಲು 65 ದಾಟಿದವರಿಗೆ. 64ರ ಆ ಮನುಷ್ಯ ಕೆಮ್ಮುತ್ತಾ ಇನ್ನೂ ತಿಂಗಳು ಎಣಿಸುತ್ತಿದ್ದಾನೆ.

ನಮಸ್ಕಾರ.