ಅರ್ಧ ವಿಳಾಸ ಬರೆದ ಪತ್ರ

ಕೇಳುಗರಿಗೆ ನಮಸ್ಕಾರ.

ಹಾವೇರಿ ಜಿಲ್ಲೆಯ ಹಿರೇಕೆರೂರಿಗೆ ಪತ್ರ ಬರೆಯುವವರು ಅವಸರದಲ್ಲಿ ‘ಹಿರೇ’ ಬಿಟ್ಟರೆನ್ನಿ. ಕೆರೂರು ಎಂಬ ಊರು ಬಾದಾಮಿ ತಾಲೂಕಿನಲ್ಲಿದೆ. ತಾಲೂಕು, ಜಿಲ್ಲೆ ಬರೆಯದಿದ್ದರೆ ಪತ್ರ ಅತ್ತ ಹೊರಟರೆ ತಪ್ಪು ಯಾರದು?

ಇಲ್ಲಿ ಕಾಯುವುದು ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳಿವು. ಮೊದಲ ಮೂರು ಅಂಕಿ ಅಂಚೆಯವರ ಯಾವ ವಿಂಗಡಣಾ ಜಿಲ್ಲೆಯ ಚೀಲಕ್ಕೆ ಹಾಕಬೇಕೆಂದು ಹೇಳುತ್ತವೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು. ಹಿರೇಕೆರೂರಿನದು 581ರಿಂದ ಶುರು, ಬಾದಾಮಿ ಕಡೆಯದು 587ರಿಂದ. ಊರಿನ ಹೆಸರು ಅರ್ಧವಿದ್ದರೂ ಪಿನ್ ಸರಿಯಿದ್ದರೆ ಪತ್ರ ದಾರಿ ತಪ್ಪುವುದು ಕಡಿಮೆ.

ಆಮೇಲಿನದು ಪೋಸ್ಟ್‌ಮ್ಯಾನ್ ನೆನಪಿಗೆ ಬಿಟ್ಟದ್ದು. ‘ಶ್ರೀ ಪಾಟೀಲರು, ಹುಬ್ಬಳ್ಳಿ’ ಎಂದಷ್ಟೇ ಇದ್ದರೆ ಆತ ಏನು ಮಾಡಬೇಕು? ಓಣಿಗೊಬ್ಬ ಪಾಟೀಲರಿರುವ ಊರಿದು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಾದರೆ ‘ಸಾಲಿ ಮಾಸ್ತರ ಪಾಟೀಲರೇನ್ರಿ, ಅಡತಿ ಅಂಗಡಿ ಪಾಟೀಲರೇನ್ರಿ?’ ಅಂತ ಕಟ್ಟೆಯ ಮೇಲೆ ಕೂತವರನ್ನು ಕೇಳಬಹುದು. ಹೊಸ ಬಡಾವಣೆಗಳಲ್ಲಿ ಪಕ್ಕದ ಮನೆಯವರಿಗೇ ಹೆಸರು ಗೊತ್ತಿರುವುದಿಲ್ಲ. ಅಲ್ಲಿ ಒಂದು ಗುರುತು, ಒಂದು ಮೊಬೈಲ್ ನಂಬರ್ ಬರೆದಿದ್ದರೆ ಆತನ ಅರ್ಧ ಅಲೆದಾಟ ತಪ್ಪೀತು.

ಎಷ್ಟು ಹುಡುಕಿದರೂ ಸಿಗಲಿಲ್ಲವೆಂದರೆ ‘ವಿಳಾಸ ಅಪೂರ್ಣ’ ಎಂದು ಷರಾ ಬರೆದು, ಕಳಿಸಿದವರ ವಿಳಾಸವಿದ್ದರೆ ಅವರಿಗೇ ವಾಪಸು. ಅದೂ ಇಲ್ಲದಿದ್ದರೆ ಪತ್ರ ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತದೆ. ಇತರರ ಪತ್ರ ಒಡೆಯುವುದು ಅಂಚೆಯಲ್ಲಿ ದೊಡ್ಡ ತಪ್ಪು. ಆದರೆ ಈ ಕಚೇರಿಯಲ್ಲಿ ಅಧಿಕಾರ ಪಡೆದ ನೌಕರರು ಒಡೆದು ನೋಡಬಹುದು. ಅದೂ ಒಳಗೆ ವಿಳಾಸ ಸಿಕ್ಕೀತೇ ಎಂದು ಹುಡುಕಲಿಕ್ಕೆ. ಓದಿದ್ದನ್ನು ಹೊರಗೆ ಹೇಳುವಂತಿಲ್ಲ.

ಲಗ್ನಪತ್ರಿಕೆಯಾದರೆ ಒಳಗೆ ಬೀಗರ ಹೆಸರು, ಊರು, ಕಲ್ಯಾಣ ಮಂಟಪ ಎಲ್ಲವೂ ಸಿಗುತ್ತದೆ ಬಿಡಿ. ಅಷ್ಟರಲ್ಲಿ ಅಕ್ಕಿಕಾಳು ಬಿದ್ದು, ಊಟದ ಪಂಕ್ತಿಯೂ ಎದ್ದಿರುತ್ತದೆ.

ನನ್ನನ್ನು ಕೇಳಿದರೆ, ಹೋಗಬೇಕಾದವರ ವಿಳಾಸಕ್ಕಿಂತ ನಿಮ್ಮ ವಿಳಾಸವನ್ನೇ ಹೆಚ್ಚು ಜೋಪಾನವಾಗಿ ಬರೆಯಿರಿ. ‘ನನ್ನ ಅಕ್ಷರ ನೋಡಿದ್ರ ಅವರಿಗೆ ಗೊತ್ತಾಗ್ತದ’ ಅನ್ನುವವರು ನಮ್ಮಲ್ಲಿ ಬಹಳ. ಅವರಿಗೆ ಗೊತ್ತಾದೀತು, ಅಂಚೆ ಕಚೇರಿಯವರು ನಿಮ್ಮ ಅಕ್ಷರ ಯಾವಾಗ ನೋಡಿದ್ದಾರೆ?