ಮೊದಲು ನೀರು ಸುರಿಯಿರಿ, ಆಮೇಲೆ ಕಾರ್ಡ್ ಹಂಚಿ

ನಮಸ್ಕಾರ. ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಇನ್ನೇನು ಬೀಗದ ಕೀ ಕೈಗೆ ಬರುತ್ತದೆ ಅಂತ ಕಾಯುತ್ತಿರುವವರು, ಇವತ್ತು ಒಂದೈದು ನಿಮಿಷ ಕೂತು ಕೇಳಿ. ಗೃಹಪ್ರವೇಶದ ದಿನ ಇನ್ನೂ ಗೊತ್ತು ಮಾಡಿಲ್ಲ ಅಂದರೆ ತುಂಬಾ ಒಳ್ಳೆಯದು. ದಯವಿಟ್ಟು ಈಗಲೇ ಮಾಡಬೇಡಿ.

ಮುಹೂರ್ತದ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮನೆಯಲ್ಲೂ ಪಂಚಾಂಗ ನೋಡದೆ ಹಾಲುಕ್ಕಿಸುವುದಿಲ್ಲ. ಆದರೆ ನಾವು ಮಾಡುವುದೇನು? ಮೊದಲು ಪುರೋಹಿತರ ಹತ್ತಿರ ಹೋಗುತ್ತೇವೆ. ಆಷಾಢ ಬರುವುದರೊಳಗೆ ಮುಗಿಯಲಿ ಅಂತ ವೈಶಾಖದಲ್ಲೋ ಜ್ಯೇಷ್ಠದಲ್ಲೋ ಒಂದು ದಿನ ಹಿಡಿಯುತ್ತೇವೆ. ಕಾರ್ಡ್ ಪ್ರಿಂಟ್ ಆಗುತ್ತದೆ. ಅಡುಗೆಯವರಿಗೆ ಅಡ್ವಾನ್ಸ್ ಹೋಗುತ್ತದೆ. ಇನ್ನು ನಾಲ್ಕು ದಿನ ಇದೆ ಅನ್ನುವಾಗ ಮನೆ ಸರಿಯಾಗಿದೆಯಾ ಅಂತ ನೋಡಲು ಹೋಗುತ್ತೇವೆ. ಆಗ ಏನು ಕಂಡರೂ ನುಂಗಿಕೊಳ್ಳಬೇಕು. ಮುನ್ನೂರು ಜನಕ್ಕೆ ಊಟ ಹೇಳಿಯಾಗಿದೆ, ಅಲ್ವಾ?

ತುಮಕೂರಿನಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಹೀಗೇ ಆಯಿತು. ಥರ್ಟಿ ಫಾರ್ಟಿ ಸೈಟು, ಭಾವನ ಇಪ್ಪತ್ತು ವರ್ಷದ ದುಡಿಮೆ. ಕೊನೆಗೆ ನೋಡಲು ಹೋದಾಗ ನಾವು ಎಂಟು ಜನ ಇದ್ದೆವು. ದೇವರಮನೆ ಯಾವ ದಿಕ್ಕಿಗಿದೆ, ಹಾಲ್‌ಗೆ ಬಣ್ಣ ಯಾವುದು, ಮುಂಬಾಗಿಲಿನ ಕೆತ್ತನೆ ಹೇಗಿದೆ ಅಂತಲೇ ಅರ್ಧ ಗಂಟೆ ಹೋಯಿತು. ನಮ್ಮಮ್ಮ ಒಬ್ಬರೇ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರು ಚೆಲ್ಲಿದರು. ಎಲ್ಲರನ್ನೂ ಕರೆದು ತೋರಿಸಿದರು. ನೀರು ಜಾಲರಿ ಕಡೆ ಹೋಗಲೇ ಇಲ್ಲ. ಸ್ವಲ್ಪ ಹೊತ್ತು ಮಧ್ಯದಲ್ಲಿ ನಿಂತು, ಮೆಲ್ಲಗೆ ಬಾಗಿಲ ಕಡೆ ಹರಿದು ಬಂತು. ಕಂಟ್ರಾಕ್ಟರ್ ಅಲ್ಲೇ ಇದ್ದರು. "ಫಂಕ್ಷನ್ ಆಗಲಿ ಅಮ್ಮಾ, ಆಮೇಲೆ ಹುಡುಗರನ್ನ ಕಳಿಸ್ತೀನಿ" ಅಂದರು. ಗೃಹಪ್ರವೇಶದ ಹಿಂದಿನ ದಿನ ರಾತ್ರಿ ಭಾವ ಕೊನೆಯ ಕಂತನ್ನೂ ಕೊಟ್ಟುಬಿಟ್ಟರು. ಶುಭ ಕಾರ್ಯ, ಬಾಕಿ ಇಟ್ಟುಕೊಳ್ಳಬಾರದು ಅಂತ.

ಹುಡುಗರು ಬರಲಿಲ್ಲ. ಒಂದೂವರೆ ವರ್ಷ ನಮ್ಮಕ್ಕ ಆ ಬಾಗಿಲಿಗೆ ಹಳೇ ಸೀರೆ ಸುರುಳಿ ಸುತ್ತಿ ಅಡ್ಡ ಇಟ್ಟಳು. ಬೆಳಿಗ್ಗೆ ಮಕ್ಕಳ ಸ್ನಾನ ಆದಮೇಲೆ ಅದನ್ನು ಹಿಂಡಿ ಒಣಗಹಾಕುವುದೇ ಒಂದು ಕೆಲಸ. ಬಾಗಿಲ ಚೌಕಟ್ಟಿನ ಬುಡ ನೀರು ಕುಡಿದು ಉಬ್ಬಿತು. ಕೊನೆಗೆ ಟೈಲ್ಸ್ ಪೂರ್ತಿ ಒಡೆಸಿ, ಇಳಿಜಾರು ಕೊಟ್ಟು, ಹೊಸದಾಗಿ ಹಾಕಿಸಿದರು. ಎಲ್ಲಾ ಖರ್ಚು ಅವರದೇ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ನಾವು ಯೋಚನೆಯೇ ಮಾಡುವುದಿಲ್ಲ. ವೈಶಾಖ ಅಂದರೆ ಬಿಸಿಲು. ತಾರಸಿ ಒಣಗಿ ಕಾದಿರುತ್ತದೆ, ಯಾವ ತೇವವೂ ಕಾಣುವುದಿಲ್ಲ. ನಾವು ಮನೆ ಹೊಕ್ಕು, ಹಣ ಚುಕ್ತಾ ಮಾಡಿ ಮುಗಿಸುತ್ತೇವೆ. ಜೂನ್‌ನಲ್ಲಿ ಮುಂಗಾರು ಬರುತ್ತದೆ. ತಾರಸಿಗೆ ನಿಜವಾದ ಪರೀಕ್ಷೆ ಆಗುವುದು ಆಗ. ಕಂಟ್ರಾಕ್ಟರ್ ಅಷ್ಟರಲ್ಲಿ ಇನ್ನೊಂದು ಸೈಟಿನಲ್ಲಿ ಪಾಯ ತೋಡಿಸುತ್ತಿರುತ್ತಾರೆ.

ಅದಕ್ಕೇ ಆ ಮಳೆಯನ್ನು ನೀವೇ ತರಿಸಿ. ತಾರಸಿಯ ನೀರು ಹೋಗುವ ಪೈಪ್‌ಗಳ ಬಾಯಿಗೆ ಬಟ್ಟೆ ತುರುಕಿ, ಮರಳಿನ ಚೀಲ ಇಟ್ಟು, ಎರಡಿಂಚು ನೀರು ನಿಲ್ಲಿಸಿ. ಸಾವಿರ ಚದರಡಿಗೆ ಲೆಕ್ಕ ಹಾಕಿದರೆ ಸುಮಾರು 4,700 ಲೀಟರ್. ಹೆಚ್ಚು ಕಡಿಮೆ ಒಂದು ಟ್ಯಾಂಕರ್. ಎರಡು ದಿನ ಹಾಗೇ ಬಿಡಿ. ಬೆಳಿಗ್ಗೆ ಸಂಜೆ ಕೆಳಗೆ ಹೋಗಿ ಚಾವಣಿಯ ಮೂಲೆಗಳನ್ನು, ಫ್ಯಾನ್ ಹುಕ್ಕಿನ ಸುತ್ತ, ಲೈಟಿನ ಪೈಪ್ ಇಳಿದಿರುವ ಜಾಗವನ್ನು ಕೈಯಿಂದ ಮುಟ್ಟಿ ನೋಡಿ. ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ತಣ್ಣಗೆ ಗೊತ್ತಾಗುತ್ತದೆ. ಬಚ್ಚಲಿಗೂ ಇದೇ ಕ್ರಮ. ಜಾಲರಿ ಮುಚ್ಚಿ ನೀರು ನಿಲ್ಲಿಸಿ, ಆಮೇಲೆ ತೆಗೆದು ನೀರು ಎಲ್ಲಿಗೆ ಹೋಗುತ್ತದೆ ನೋಡಿ.

ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಡಬ್ ಡಬ್ ಅಂದರೆ ಕೆಳಗೆ ಟೊಳ್ಳು. ಪ್ರತಿ ಸ್ವಿಚ್ ಹಾಕಿ, ಪ್ರತಿ ಪ್ಲಗ್ಗಿಗೂ ಫೋನ್ ಚಾರ್ಜರ್ ಚುಚ್ಚಿ. ಕರೆಂಟ್ ಬೋರ್ಡಿನಲ್ಲಿ ಆರ್‌ಸಿಸಿಬಿ ಅಂತ ಇರುತ್ತದೆ, ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್. ಶಾಕ್ ಹೊಡೆದರೆ ಜೀವ ಉಳಿಸುವುದು ಅದೇ. ಅದರಲ್ಲಿರುವ ಟೆಸ್ಟ್ ಗುಂಡಿ ಒತ್ತಿದರೆ ಟಪ್ ಅಂತ ಬಿದ್ದು ಕರೆಂಟ್ ನಿಲ್ಲಬೇಕು. ಅರ್ತಿಂಗ್ ಸರಿಯಿದೆಯಾ ಅಂತ ಬೇರೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ವೈರಿಂಗ್ ಮಾಡಿದವರನ್ನೇ ಕೇಳಿದರೆ ಸರಿ ಇದೆ ಅಂತಲೇ ಹೇಳುತ್ತಾರೆ.

ಬಿರುಕು ಕಂಡ ಕೂಡಲೇ ಗಾಬರಿ ಬೀಳಬೇಡಿ. ಗಾರೆಯ ಮೇಲೆ ಕೂದಲೆಳೆಯಂಥ ಗೆರೆ ಬರುವುದು ಸಾಮಾನ್ಯ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ದಿನೇದಿನೇ ಅಗಲ ಆಗುತ್ತಿದ್ದರೆ ಇಂಜಿನಿಯರ್‌ಗೆ ತೋರಿಸಲೇಬೇಕು.

ಕಾನೂನು ಇದೆಯಲ್ಲ ಅನ್ನಬಹುದು. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಅದರ ವ್ಯಾಪ್ತಿಯ ಅಪಾರ್ಟ್‌ಮೆಂಟ್, ವಿಲ್ಲಾ ಕೊಂಡವರಿಗೆ 2016ರ ಆ ಕಾಯ್ದೆ ಆಸರೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ದುಡ್ಡು ಕೇಳದೆ ಸರಿಪಡಿಸಬೇಕು. ನಮ್ಮದೇ ಸೈಟಿನಲ್ಲಿ ಕಂಟ್ರಾಕ್ಟ್ ಕೊಟ್ಟು ಕಟ್ಟಿಸಿದರೆ ಅದು ಸಿಗುವುದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು, 2019ರ ಕಾಯ್ದೆ ಮನೆ ಕಟ್ಟುವುದನ್ನೂ ಸೇವೆ ಅಂತಲೇ ಹೇಳುತ್ತದೆ. ಆದರೆ ಕೈಯಲ್ಲಿ ಅಗ್ರಿಮೆಂಟ್ ಬೇಕು, ಬರೆದ ಪಟ್ಟಿ ಬೇಕು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಕಂಡ ದೋಷ ಎಲ್ಲಾ ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ.

ಕೊನೆಯ ಕಂತು ಆ ಪಟ್ಟಿ ಮುಗಿಯುವವರೆಗೆ ನಿಮ್ಮ ಹತ್ತಿರವೇ ಇರಲಿ. ಇದರಲ್ಲಿ ಸಂಕೋಚ ಬೇಡ. ಸರ್ಕಾರ ಕೂಡ ಕಾಮಗಾರಿ ಕೊಟ್ಟಾಗ ಗುತ್ತಿಗೆದಾರರಿಂದ ಭದ್ರತಾ ಠೇವಣಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಮಣ್ಣು ಹೊತ್ತವರ, ಗಾರೆಯವರ ಕೂಲಿಯನ್ನು ಇದಕ್ಕೆ ಸಿಕ್ಕಿಸಬೇಡಿ. ಅವರಿಗೆ ವಾರವಾರಕ್ಕೆ ಸೇರಬೇಕಾದ್ದು ಸೇರಲಿ. ಮೇಸ್ತ್ರಿಗೆ ಪಂಚೆ, ಶಲ್ಯ, ತಾಂಬೂಲ ಮನಸಾರೆ ಕೊಡಿ. ಅವರ ಬೆವರಿಲ್ಲದೆ ನಮ್ಮ ಮನೆ ಇಲ್ಲ.

ಈಗ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ನಿನ್ನೆ ಬೆಳಿಗ್ಗೆ ತಾರಸಿಗೆ ನೀರು ಬಿಟ್ಟಿದ್ದೇವೆ. ಅಮ್ಮ ಮಂಡಿ ನೋವಿದ್ದರೂ ಮೆಟ್ಟಿಲು ಹತ್ತಿ ಬಂದು, ನೀರು ಎಲ್ಲಿಯವರೆಗೆ ನಿಂತಿದೆ ಅಂತ ಗೋಡೆಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ. ನಾಳೆ ಸಂಜೆವರೆಗೆ ಚಾವಣಿ ಒಣಗಿಯೇ ಇದ್ದರೆ ಪುರೋಹಿತರಿಗೆ ಫೋನ್ ಮಾಡುತ್ತೇವೆ.