ಅರ್ಧ ಮುದ್ದೆಗೇ ಹೊಟ್ಟೆ ತುಂಬಿದರೆ

ಕೇಳುಗರೇ, ನಮಸ್ಕಾರ.

ನಮ್ಮ ಚಿಕ್ಕಪ್ಪ ಒಂದೂವರೆ ಮುದ್ದೆ ಉಣ್ಣುತ್ತಿದ್ದವರು. 68ನೇ ವಯಸ್ಸಿನಲ್ಲಿ ಅರ್ಧ ಮುದ್ದೆಗೇ ಕೈ ತೊಳೆಯೋಕೆ ಶುರು ಮಾಡಿದರು. "ಸಾಕಮ್ಮ, ಹೊಟ್ಟೆ ತುಂಬ್ತು" ಅನ್ನುತ್ತಿದ್ದರು. ಗ್ಯಾಸ್ ಇರಬೇಕು ಅಂತ ನಾವೆಲ್ಲ ಆರು ತಿಂಗಳು ಗ್ಯಾಸ್ ಮಾತ್ರೆಯಲ್ಲೇ ಕಳೆದೆವು. ಕೊನೆಗೆ ಒಬ್ಬ ಡಾಕ್ಟರು ಚಿಕ್ಕಪ್ಪನ ಕೈಯನ್ನೇ ಎಡ ಪಕ್ಕೆಲುಬಿನ ಕೆಳಗೆ ಇಡಿಸಿ, ಜೋರಾಗಿ ಉಸಿರು ಎಳೆದುಕೊಳ್ಳಿ ಅಂದರು. ಉಸಿರು ಎಳೆದಾಗ ಒಳಗಿಂದ ಒಂದು ಗಟ್ಟಿ ಅಂಚು ಇಳಿದು ಬಂದು ಬೆರಳಿಗೆ ತಾಗಿತು. ಅದು ಗುಲ್ಮ, ಅಂದರೆ ಸ್ಪ್ಲೀನ್.

ಗುಲ್ಮ ಮುಷ್ಟಿಯಷ್ಟು ಇರುತ್ತದೆ. ಪಕ್ಕೆಲುಬಿನ ಮರೆಯಲ್ಲಿರುವುದರಿಂದ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಅದು ಊದಿ ಪಕ್ಕದ ಜಠರವನ್ನು ಒತ್ತಿದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಮೈ ಇಳಿಯುತ್ತಿದ್ದರೂ ಪಂಚೆ ಮಾತ್ರ ಬಿಗಿಯಾಗುತ್ತದೆ.

ಚಿಕ್ಕಪ್ಪನಿಗೆ ಬಂದದ್ದು ಸ್ಪ್ಲೀನಿಕ್ ಮಾರ್ಜಿನಲ್ ಝೋನ್ ಲಿಂಫೋಮಾ, ಅಂದರೆ ಗುಲ್ಮದಲ್ಲಿ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಲಿಂಫೋಮಾ ಇರುವ 100 ಜನರಲ್ಲಿ ಇಬ್ಬರಿಗೂ ಇದು ಇರುವುದಿಲ್ಲ, ಅಷ್ಟು ಅಪರೂಪ. ಲಿಂಫೋಮಾ ಅಂದರೆ ಕತ್ತಿನಲ್ಲಿ, ಕಂಕುಳಲ್ಲಿ ಗಂಟು ಅಲ್ವಾ? ಇದರಲ್ಲಿ ಅಂಥ ಗಂಟು ಕಾಣುವುದು ಕಡಿಮೆ. ಜ್ವರ, ರಾತ್ರಿ ಬೆವರು ಕೂಡ ಬಹಳ ಜನಕ್ಕೆ ಇರುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ನಾವು ಏಮಾರುವುದೇ ಅಲ್ಲಿ.

ಹಿಗ್ಗಿದ ಗುಲ್ಮ ರಕ್ತಕಣಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಕಾಯಿಲೆ ಮೂಳೆಯ ಮಜ್ಜೆಗೂ ಹಬ್ಬಿರುತ್ತದೆ. ಹಾಗಾಗಿ ರಕ್ತ ಕಡಿಮೆಯಾಗಿ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಪ್ಲೇಟ್‌ಲೆಟ್ ಇಳಿದರೆ ಎಲ್ಲೂ ತಗುಲದಿದ್ದರೂ ಮೈಮೇಲೆ ನೀಲಿ ಕಲೆ, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಪದೇ ಪದೇ ಸೋಂಕು ಬರುವುದೂ ಉಂಟು.

ಗುಲ್ಮ ಊದಿದ್ದೆಲ್ಲ ಕ್ಯಾನ್ಸರ್ ಅಲ್ಲ, ದಯವಿಟ್ಟು ಗಾಬರಿಯಾಗಬೇಡಿ. ಮಲೇರಿಯಾ, ಟೈಫಾಯ್ಡ್, ಲಿವರ್ ತೊಂದರೆಯಿಂದಲೂ ಊದುತ್ತದೆ. ಆದರೆ ಯಾಕೆ ಊದಿದೆ ಅಂತ ತಿಳಿಯಲೇಬೇಕು. ರಕ್ತಕಣಗಳನ್ನು ಎಣಿಸುವ ಸಿಬಿಸಿ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಇವೆರಡರಿಂದ ಶುರು ಮಾಡಿ. ಅಪರೂಪದ ಈ ಲಿಂಫೋಮಾ ಅಂತ ಗೊತ್ತಾದರೆ ಲಿವರ್‌ಗೆ ತಗಲುವ ಹೆಪಟೈಟಿಸ್ ಸಿ ವೈರಸ್ಸಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಆ ವೈರಸ್ ಇದ್ದವರಲ್ಲಿ ಕೆಲವರಿಗೆ ವೈರಸ್ಸಿನ ಔಷಧಿಯಿಂದಲೇ ಲಿಂಫೋಮಾ ಕೂಡ ಕುಗ್ಗುತ್ತದೆ. ಲಿಂಫೋಮಾ ತೊಂದರೆ ಕೊಡದಿದ್ದರೆ ಡಾಕ್ಟರು ಸುಮ್ನೆ ಗಮನಿಸುತ್ತಾ ಇರುತ್ತಾರೆ, ಅದೂ ಒಂದು ಚಿಕಿತ್ಸೆಯೇ. ಚಿಕ್ಕಪ್ಪನಿಗೆ ರಿಟುಕ್ಸಿಮ್ಯಾಬ್ ಅನ್ನುವ ಲಿಂಫೋಮಾ ಔಷಧಿಯ ಡ್ರಿಪ್ ಕೊಟ್ಟರು, ಗುಲ್ಮ ಇಳಿಯಿತು, ಈಗ ಒಂದು ಮುದ್ದೆ ಉಣ್ಣುತ್ತಾರೆ.

ಇನ್ನೊಂದು ಮಾತು. ಗುಲ್ಮ ಊದಿದೆ ಅಂತ ಗೊತ್ತಿದ್ದವರು ಹೊಟ್ಟೆ ತಿಕ್ಕಿಸಿಕೊಳ್ಳಬೇಡಿ, ಹೊಟ್ಟೆಗೆ ಏಟು ಬೀಳದ ಹಾಗೆ ನೋಡಿಕೊಳ್ಳಿ. ಎಡ ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದು ಎಡ ಭುಜಕ್ಕೆ ಏರಿದರೆ ಗುಲ್ಮ ಒಡೆದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.